ಮೊಬೈಲಿಗೂ ಒಂದು ಬಿಡುವಿನ ಹೊತ್ತು

ಅಡಿಕೆ ಮರ ಹತ್ತುವವನಿಗೆ ಹಿಂದಿನ ರಾತ್ರಿಯ ನಿದ್ದೆ ಎಷ್ಟು ಮುಖ್ಯವೆಂದು ನಮ್ಮ ತೋಟದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ದಿನವಿಡೀ ದುಡಿದು ದಣಿದವರು ಊಟ ಮುಗಿಸಿ ಮಲಗಿದಲ್ಲೇ ಮೊಬೈಲ್ ಹಿಡಿಯುತ್ತಾರೆ. ಗಂಟೆ ಹನ್ನೊಂದಾದರೂ ಬಿಡುವುದಿಲ್ಲ. ಪರದೆಯ ನೀಲಿ ಬೆಳಕು ಕಣ್ಣಿಗೆ ಬೀಳುತ್ತಿದ್ದರೆ ನಿದ್ದೆಗೆ ಬೇಕಾದ ಮೆಲಟೋನಿನ್ ಎಂಬ ರಸ ಮೆದುಳಿನಲ್ಲಿ ಕಡಿಮೆಯಾಗುತ್ತದೆ. ರೆಪ್ಪೆ ಮಿಟುಕಿಸುವುದೂ ಕಡಿಮೆಯಾಗಿ ಕಣ್ಣು ಒಣಗಿ ಉರಿಯುತ್ತದೆ. ನೋಡಿದ ಜಗಳ, ಕೇಳಿದ ಸುದ್ದಿ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ. ಹೀಗೆ ನಿದ್ದೆಗೆಟ್ಟವನು ಬೆಳಿಗ್ಗೆ ತುದಿಯಲ್ಲಿ ಒಂದು ಮರದಿಂದ ಇನ್ನೊಂದು ಮರಕ್ಕೆ ದಾಟುವುದೆಂದರೆ ಜೀವದ ಜೊತೆ ಆಟ.

ಮೊಬೈಲನ್ನೇ ದೂರುವವರು ನಾವಲ್ಲ. ಅಡಿಕೆಯ ಧಾರಣೆ, ಮಳೆಯ ಮುನ್ಸೂಚನೆ ಅದರಲ್ಲೇ ಸಿಗುತ್ತದೆ. ಕೊಳೆರೋಗಕ್ಕೆ ಮದ್ದು ಬಿಡಲು ಬಿಸಿಲಿನ ದಿನ ಹುಡುಕುವವರಿಗೆ ಅದು ದೊಡ್ಡ ಉಪಕಾರವೇ. ಆದರೆ ಆ ಕೆಲಸಕ್ಕೆ ಹತ್ತು ನಿಮಿಷ ಸಾಕು.

ಮನೆಯಲ್ಲಿ ಒಬ್ಬರೇ ಮೊಬೈಲ್ ಬದಿಗಿಟ್ಟರೆ ಅದು ಎರಡು ದಿನವೂ ಬಾಳದು. ಊರೇ ಸೇರಿ ಮಾಡಿದರೆ ನಡೆಯುತ್ತದೆ ಎಂಬುದಕ್ಕೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಸಾಕ್ಷಿ. ಜತ್ತದ ಕನ್ನಡಿಗರಿರುವುದೂ ಅದೇ ಜಿಲ್ಲೆಯಲ್ಲಿ. ಕೋವಿಡ್ ಕಾಲದ ಆನ್‌ಲೈನ್ ಪಾಠದಿಂದ ಮಕ್ಕಳ ಕೈಗೆ ಬಂದ ಮೊಬೈಲ್ ಶಾಲೆ ತೆರೆದ ಮೇಲೂ ಕೈಬಿಡಲಿಲ್ಲ. 2022ರ ಆಗಸ್ಟ್‌ನಲ್ಲಿ ಅಲ್ಲಿಯವರು ಸಂಜೆ 7ಕ್ಕೆ ದೇವಸ್ಥಾನದಿಂದ ಸೈರನ್ ಕೂಗಿಸಿ, ಒಂದೂವರೆ ಗಂಟೆ ಮೊಬೈಲ್, ಟಿ.ವಿ. ಎರಡನ್ನೂ ಆರಿಸುವ ಕ್ರಮ ತಂದರು. ಮೊದಮೊದಲು ಜನ ನಕ್ಕರಂತೆ. ಮನೆಮನೆಗೆ ಹೋಗಿ ಹೇಳಬೇಕಾಯಿತು.

ನಮ್ಮಲ್ಲಿ ಸೈರನ್ ಕೊಳ್ಳುವ ಖರ್ಚೂ ಇಲ್ಲ, ಇಗರ್ಜಿಯ ಸಂಜೆಯ ಗಂಟೆ ಇದೆ. ವಾಳೆಯ ಗುರಿಕಾರರು ಮನಸ್ಸು ಮಾಡಿದರೆ ಹತ್ತು ಮನೆಗಳಿಂದಲಾದರೂ ಆರಂಭಿಸಬಹುದು. ಆದರೆ ಮೊದಲು ಆರಿಸಬೇಕಾದವರು ಹಿರಿಯರು. ಮಕ್ಕಳನ್ನು ಗದರಿಸಿ, ತಾನು ಜಗಲಿಯಲ್ಲಿ ಕುಳಿತು ರೀಲ್ಸ್ ನೋಡುವ ಅಪ್ಪನ ಮಾತನ್ನು ಯಾರು ಕೇಳುತ್ತಾರೆ? ಆ ಹೊತ್ತಿಗೆ ಪುಸ್ತಕ ಓದಲಿ, ಅಡಿಕೆ ಸುಲಿಯಲಿ, ಸುಮ್ಮನೆ ಮಾತನಾಡಲಿ.

ಗಲ್ಫಿನಲ್ಲಿರುವ ಮಕ್ಕಳ ಕರೆ ತಪ್ಪೀತೆಂದು ಅಮ್ಮಂದಿರು ಹೆದರಬೇಕಾಗಿಲ್ಲ. ನಮ್ಮ ಎಂಟೂವರೆಗೆ ದುಬೈಯಲ್ಲಿ ಇನ್ನೂ ಏಳು ಗಂಟೆ. ಆಮೇಲೆ ಕರೆ ಮಾಡಲು ಮೊದಲೇ ತಿಳಿಸಿಡಬಹುದು. ಮಾತು ಮುಗಿದ ಮೇಲೆ ಮೊಬೈಲ್ ಚಾವಡಿಯಲ್ಲೇ ಚಾರ್ಜಿಗಿರಲಿ. ಬೆಳಿಗ್ಗೆ ಎಬ್ಬಿಸಲು ಅಲಾರಾಂ ಗಡಿಯಾರ ಸಾಕು.