ಕಬ್ಬಿಣ ಕತ್ತರಿಸಲು ಗ್ಯಾಸೋ, ಪ್ಲಾಸ್ಮಾವೋ?

ತಿಕೋಟಾ, ಬಬಲೇಶ್ವರ ಭಾಗದ ಒಕ್ಕಲುತನದಲ್ಲಿ ಕಬ್ಬಿಣದ ಪಾಲು ಸಣ್ಣದಲ್ಲ. ದ್ರಾಕ್ಷಿ ಚಪ್ಪರಕ್ಕೆ ಆಂಗಲ್ ಬೇಕು, ಒಣದ್ರಾಕ್ಷಿ ಶೆಡ್ಡಿಗೆ ಕಂಬ ಬೇಕು, ಟ್ರ್ಯಾಕ್ಟರಿಗೆ ನೇಗಿಲು, ಕುಂಟೆ, ಟ್ರೇಲರ್ ಬೇಕು. ಇವು ಮುರಿದ ದಿನ ರೈತನು ಊರಿನ ವೆಲ್ಡಿಂಗ್ ಅಂಗಡಿಗೇ ಓಡಬೇಕು. ಅಂಥ ಅಂಗಡಿ ಹಾಕಲು ಸಾಲ ತೆಗೆಯುವ ತರುಣನಿಗೆ ಇಂದು ಒಂದು ಪ್ರಶ್ನೆ ಎದುರಾಗುತ್ತದೆ: ಹಳೆಯ ಗ್ಯಾಸ್ ಕಟರ್ ಕೊಳ್ಳಬೇಕೋ, ಹೊಸ ಪ್ಲಾಸ್ಮಾ ಯಂತ್ರ ಕೊಳ್ಳಬೇಕೋ? ಹಳ್ಳಿಯ ಅಂಗಡಿಗೆ ಮೊದಲು ಗ್ಯಾಸ್, ಪ್ಲಾಸ್ಮಾ ಆಮೇಲೆ ಎಂಬುದು ನಮ್ಮ ಅಭಿಪ್ರಾಯ.

ಎರಡರ ಕೆಲಸದ ರೀತಿ ಬೇರೆ ಬೇರೆ. ಗ್ಯಾಸಿನ ಜ್ವಾಲೆ ಕಬ್ಬಿಣವನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಂಪಗೆ ಕಾಯಿಸುತ್ತದೆ. ಆಗ ಬಿಟ್ಟ ಶುದ್ಧ ಆಮ್ಲಜನಕದಲ್ಲಿ ಕಬ್ಬಿಣವೇ ಉರಿದು, ಕಿಟ್ಟವಾಗಿ ಕೆಳಗೆ ಹರಿದುಹೋಗುತ್ತದೆ. ಆದ್ದರಿಂದ ಇದು ಸಾಮಾನ್ಯ ಕಬ್ಬಿಣಕ್ಕೆ ಮಾತ್ರ ಸಲ್ಲುತ್ತದೆ. ಸ್ಟೇನ್‌ಲೆಸ್ ಸ್ಟೀಲು, ಅಲ್ಯುಮಿನಿಯಂ, ಬೀಡುಕಬ್ಬಿಣ ಇದಕ್ಕೆ ಬಗ್ಗುವುದಿಲ್ಲ. ಪ್ಲಾಸ್ಮಾ ಯಂತ್ರದಲ್ಲಿ ವಿದ್ಯುತ್ ಕಿಡಿಯು ಒತ್ತಡದ ಗಾಳಿಯನ್ನು ಅತಿಯಾಗಿ ಕಾಯಿಸಿ ಲೋಹವನ್ನು ಕರಗಿಸಿ ಊದಿಬಿಡುತ್ತದೆ. ವಿದ್ಯುತ್ತು ಹರಿಯುವ ಯಾವ ಲೋಹವನ್ನಾದರೂ ಅದು ಕತ್ತರಿಸಬಲ್ಲದು.

ಮೂರು-ನಾಲ್ಕು ಮಿ.ಮೀ. ತಗಡಿಗೆ ಪ್ಲಾಸ್ಮಾಕ್ಕೆ ಸಾಟಿಯಿಲ್ಲ. ಬೇಗ ಕತ್ತರಿಸುತ್ತದೆ, ತಗಡು ಸೊಟ್ಟಗಾಗುವುದೂ ಕಡಿಮೆ. ಆದರೆ 40 ಆಂಪಿಯರಿನ ಚಿಕ್ಕ ಯಂತ್ರವು 10-12 ಮಿ.ಮೀ. ದಪ್ಪಕ್ಕೆ ಸೋಲುತ್ತದೆ. ಗ್ಯಾಸಿಗೆ 25 ಅಥವಾ 50 ಮಿ.ಮೀ. ದಪ್ಪವೂ ಕಷ್ಟವಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಬಾಗಿದ ಕುಂಟೆಯ ದಿಂಡನ್ನು ಕಾಯಿಸಿ ನೆಟ್ಟಗೆ ಮಾಡಲು, ತುಕ್ಕು ಹಿಡಿದ ಬೋಲ್ಟನ್ನು ಸಡಿಲಿಸಲು ಗ್ಯಾಸಿನ ಜ್ವಾಲೆಯೇ ಬೇಕು. ಹಳ್ಳಿಯ ಅಂಗಡಿಗೆ ಇಂಥ ದುರಸ್ತಿಯ ಕೆಲಸವೇ ಅನ್ನ. ಚಪ್ಪರದ ಆಂಗಲನ್ನು ನೇರವಾಗಿ ತುಂಡರಿಸಲಂತೂ ಇವೆರಡೂ ಬೇಡ, ಕಟಿಂಗ್ ವ್ಹೀಲ್ ಸಾಕು.

ಇನ್ನು ವಿದ್ಯುತ್ತಿನ ಮಾತು. ಚಿಕ್ಕ ಪ್ಲಾಸ್ಮಾ ಯಂತ್ರ ಒಂದೇ ಫೇಸಿನಲ್ಲಿ ನಡೆದರೂ ಜೊತೆಗೆ ಕಂಪ್ರೆಸರ್ ಓಡಬೇಕು. ದೊಡ್ಡದಕ್ಕೆ ಮೂರು ಫೇಸ್ ಬೇಕು. ನೀರಾವರಿ ಪಂಪ್‌ಸೆಟ್ಟಿನ ಸಂಪರ್ಕದಿಂದ ಅಂಗಡಿ ನಡೆಸಲು ಬರುವುದಿಲ್ಲ. ವೋಲ್ಟೇಜ್ ಇಳಿದರೆ ಕಿಡಿ ನಿಲ್ಲುವುದಿಲ್ಲ. ಗಾಳಿಯಲ್ಲಿ ತೇವವಿದ್ದರೆ ನಾಜಲ್, ಎಲೆಕ್ಟ್ರೋಡ್ ಬೇಗನೆ ಸವೆದು ಖರ್ಚು ಏರುತ್ತದೆ. ಸುಗ್ಗಿಯ ನಡುವೆ ಕರೆಂಟು ಹೋದಾಗ ಮುರಿದ ಟ್ರೇಲರ್ ಮುಂದೆ ನಿಂತ ರೈತನಿಗೆ ನೆರವಾಗುವುದು ಸಿಲಿಂಡರ್ ಇದ್ದ ಅಂಗಡಿಯೇ.

ಹಾಗೆಂದು ಗ್ಯಾಸ್ ನಿರಪಾಯವೆಂದು ತಿಳಿಯಬಾರದು. ಆಮ್ಲಜನಕದ ಕಪ್ಪು ಸಿಲಿಂಡರಿನ ತಿರುಪಿಗೆ ಎಣ್ಣೆ, ಗ್ರೀಸ್ ಸೋಕಿಸಬಾರದು. ಹಠಾತ್ತನೆ ಬೆಂಕಿ ಹೊತ್ತಬಹುದು. ಕಂದುಗೆಂಪು ಬಣ್ಣದ ಅಸಿಟಿಲಿನ್ ಸಿಲಿಂಡರನ್ನು ಮಲಗಿಸಿ ಬಳಸಬಾರದು, ನಿಲ್ಲಿಸಿ ಸರಪಳಿಯಿಂದ ಬಿಗಿಯಬೇಕು. ಉರಿ ಪೈಪಿನೊಳಗೆ ಹಿಂದಿರುಗದಂತೆ ತಡೆಯುವ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಹಾಕಲೇಬೇಕು. ಮನೆಯ ಅಡುಗೆಯ 14.2 ಕೆ.ಜಿ. ಸಿಲಿಂಡರನ್ನು ಅಂಗಡಿಗೆ ತರುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಸತುವು ಲೇಪಿಸಿದ ಆಂಗಲನ್ನು ಗ್ಯಾಸಿನಿಂದಾಗಲಿ ಪ್ಲಾಸ್ಮಾದಿಂದಾಗಲಿ ಕತ್ತರಿಸಿದರೆ ಏಳುವ ಬಿಳಿ ಹೊಗೆ ಸೇವಿಸಿದವನಿಗೆ ಚಳಿಜ್ವರ ಬರುತ್ತದೆ. ಆ ಕೆಲಸವನ್ನು ಬಯಲಲ್ಲಿ, ಗಾಳಿ ಬೆನ್ನಿಗೆ ಬಾರದೆ ಅಡ್ಡಲಾಗಿ ಬೀಸುವಂತೆ ನಿಂತು ಮಾಡಬೇಕು. ಕಪ್ಪು ಕನ್ನಡಕ ಎರಡರಲ್ಲೂ ಬೇಕು.

ತರುಣನು ಸಾಲದ ಅರ್ಜಿ ಬರೆಯುವ ಮೊದಲು ಒಂದು ತಿಂಗಳು ಊರಿನ ಕೆಲಸವನ್ನು ಲೆಕ್ಕ ಹಾಕಲಿ. ದಪ್ಪ ಕಬ್ಬಿಣ ಎಷ್ಟು, ತೆಳು ತಗಡು ಎಷ್ಟು, ಸ್ಟೀಲು ಎಷ್ಟು ಎಂದು ಬರೆದಿಡಲಿ. ಅಪರೂಪಕ್ಕೆ ಬರುವ ಸ್ಟೀಲಿನ ಕೆಲಸವನ್ನು ವಿಜಯಪುರ ನಗರಕ್ಕೆ ಒಯ್ದು ಕತ್ತರಿಸಿ ತಂದರೂ ನಷ್ಟವಿಲ್ಲ. ಅಂಥ ಕೆಲಸ ದಿನವೂ ಬಾಗಿಲಿಗೆ ಬರತೊಡಗಿದಾಗ ಪ್ಲಾಸ್ಮಾ ಯಂತ್ರ ತನ್ನ ಸಾಲವನ್ನು ತಾನೇ ತೀರಿಸುತ್ತದೆ. ಅದಕ್ಕೂ ಮೊದಲು ತಂದರೆ ಕಂತು ಕಟ್ಟಲು ಹೊಲದ ಉತ್ಪನ್ನವನ್ನೇ ಮಾರಬೇಕಾದೀತು.