ಬಿ.ಇ. ಆದಮೇಲೆ ಬಿ.ಡಿ... ಅದರಲ್ಲೇನು ತಪ್ಪು?

ಬಿ.ಇ. ಮುಗಿಸಿ ಎಂಬಿಎ ಮಾಡಿದರೆ ಯಾರೂ ಏನೂ ಕೇಳುವುದಿಲ್ಲ. ಐಎಎಸ್ ಕೋಚಿಂಗ್ ಅಂತ ದೆಹಲಿಗೆ ಹೋಗಿ ಐದು ವರ್ಷ ರೂಮಿನಲ್ಲಿ ಕೂತರೂ ಕೇಳುವುದಿಲ್ಲ, ಮನೆಯವರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಎಂ.ಎಸ್. ಅಂತ ಸಾಲ ಮಾಡಿ ಅಮೆರಿಕಕ್ಕೆ ಹೊರಟರಂತೂ ಯಾದಗಿರಿ ಸ್ಟೇಷನ್ನಿಗೆ ಹಾರ ಹಿಡಕೊಂಡು ಬರುತ್ತಾರೆ. ಆದರೆ ಬಿ.ಇ. ಮುಗಿಸಿ, ಬೆಂಗಳೂರಿನಲ್ಲಿ ಆರು ವರ್ಷ ಕೋಡ್ ಬರೆದು, ಇನ್ನು ದೇವಶಾಸ್ತ್ರ ಓದುತ್ತೇನೆ, ಬಿ.ಡಿ.ಗೆ ಅರ್ಜಿ ಹಾಕುತ್ತೇನೆ ಅಂತ ಒಮ್ಮೆ ಹೇಳಿ ನೋಡಿ.

"ತಮ್ಮಾ, ತಲಿ ಸರಿ ಅದ ಇಲ್ಲೋ ನಿಂದು?" ಇದು ಸೋದರಮಾವ. "ದೋಸ್ತ, ನಮಗೂ ನೀರು ಹಾಕಿ ಹೆಸರು ಬದಲಿ ಮಾಡ್ತಿಯೇನು?" ಇದು ಶಹಾಪುರದ ಕ್ಲಾಸ್‌ಮೇಟ್, ನಗುತ್ತಲೇ ಕೇಳಿದ, ಆದರೆ ಪೂರ್ತಿ ನಗುತ್ತಿರಲಿಲ್ಲ. "ಯಾಕೆ ಮಗಾ, ಲೇಆಫ್ ಲಿಸ್ಟಲ್ಲಿ ಹೆಸರು ಬಂತಾ?" ಇದು ಆಫೀಸು. ಇನ್ನು ನಮ್ಮ ಸಭೆಯ ಹಿರಿಯರೊಬ್ಬರು, ಇವರಾದರೂ ಖುಷಿಪಡಬೇಕಿತ್ತು ನೋಡಿ, "ಬ್ಯಾಡ ತಮ್ಮಾ, ಸೆಮಿನರಿಗೆ ಹ್ವಾದವರು ವಿಶ್ವಾಸ ಕಳಕೊಂಡು ಬರ್ತಾರ" ಅಂದರು.

ಆಫೀಸಿನವರಿಗೆ ಉತ್ತರ ಬೇಕಿಲ್ಲ. ಉಳಿದ ಮೂವರಿಗೆ ಬೇಕು.

ಮೊದಲು ಬಿ.ಡಿ. ಅಂದರೇನು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಹೆಚ್ಚಿನವರು ಅದನ್ನು ಪಾದ್ರಿಗಳ ಡ್ರೈವಿಂಗ್ ಲೈಸೆನ್ಸ್ ಅಂದುಕೊಂಡಿದ್ದಾರೆ. ಬ್ಯಾಚುಲರ್ ಆಫ್ ಡಿವಿನಿಟಿ. ಹೆಸರು ಬ್ಯಾಚುಲರ್ ಆದರೂ ಸಾಮಾನ್ಯವಾಗಿ ಒಂದು ಡಿಗ್ರಿ ಆದಮೇಲೆ ಓದುವಂಥದ್ದು. ಸತ್ಯವೇದ, ಅದರ ಮೂಲಭಾಷೆಗಳು, ಸಭೆಯ ಚರಿತ್ರೆ, ನೀತಿಶಾಸ್ತ್ರ, ಸಮಾಜಶಾಸ್ತ್ರ, ಜೊತೆಗೆ ಹಿಂದೂ, ಬೌದ್ಧ, ಇಸ್ಲಾಂ ಧರ್ಮಗಳ ಅಧ್ಯಯನ. ಆಮೇಲೆ ಎಂ.ಟಿಎಚ್., ಡಾಕ್ಟರೇಟು. ಪ್ರೊಟೆಸ್ಟೆಂಟ್ ಕಾಲೇಜುಗಳಲ್ಲಿ ಹೆಚ್ಚಿನವಕ್ಕೆ ಈ ಡಿಗ್ರಿ ಕೊಡುವುದು ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟ್. 1818ರಲ್ಲಿ ಶುರುವಾದ ಕಾಲೇಜು ಅದು. ಆಗ ಆ ಊರು ಡೆನ್ಮಾರ್ಕಿನ ಕೈಯಲ್ಲಿತ್ತು, 1827ರಲ್ಲಿ ಡೆನ್ಮಾರ್ಕಿನ ರಾಜನೇ ಪದವಿ ಕೊಡುವ ಅಧಿಕಾರ ಬರೆದುಕೊಟ್ಟ. ಮದ್ರಾಸು, ಮುಂಬಯಿ, ಕಲ್ಕತ್ತಾ ಯೂನಿವರ್ಸಿಟಿಗಳು ಹುಟ್ಟುವುದಕ್ಕೂ ಮೂವತ್ತು ವರ್ಷ ಮುಂಚೆ.

ಆ ಕಾಲೇಜು ಕಟ್ಟಿದ ಮೂವರಲ್ಲಿ ಒಬ್ಬ ವಿಲಿಯಂ ಕೇರಿ. ಇಂಗ್ಲೆಂಡಿನಲ್ಲಿ ಅವನ ಕಸುಬು ಚಪ್ಪಲಿ, ಬೂಟು ಹೊಲಿಯುವುದು. 1817ರಲ್ಲಿ ಕನ್ನಡಕ್ಕೊಂದು ವ್ಯಾಕರಣ ಬರೆದು ಅಚ್ಚು ಹಾಕಿದವನೂ ಅವನೇ. ನನ್ನ ಮುತ್ತಜ್ಜನದೂ ಅದೇ ಕಸುಬು. ನಮ್ಮ ಸೋದರಮಾವನಿಗೆ ಇದನ್ನು ಹೇಳಿದಾಗ ಒಂದು ಕ್ಷಣ ಸುಮ್ಮನಾದ, ಆಮೇಲೆ "ಅವನಿಗೆ ಇಎಂಐ ಇರಲಿಲ್ಲ" ಅಂದ. :)

ಈಗ ಶಹಾಪುರದ ದೋಸ್ತನ ಪ್ರಶ್ನೆ. ದೇವಶಾಸ್ತ್ರ ಓದುವುದು ಅಂದರೆ ಮತಾಂತರಕ್ಕೆ ಟ್ರೈನಿಂಗ್, ಅದು ಹೊರಗಿನವರದು, ಕನ್ನಡಕ್ಕೂ ಅದಕ್ಕೂ ಸಂಬಂಧ ಇಲ್ಲ, ಹೀಗೆ ಅವನ ವಾದ. ವಾಟ್ಸಾಪಿನಲ್ಲಿ ಓಡಾಡುವ ವಾದವೂ ಇದೇ. ನೇರವಾಗಿ ಕೇಳುತ್ತೇನೆ: ಕಿಟೆಲ್ ಏನು ಓದಿದ್ದರು? 1853ರಲ್ಲಿ ಇಲ್ಲಿಗೆ ಬಂದು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಮನುಷ್ಯ ಓದಿದ್ದು ಬಾಸೆಲ್ ಮಿಷನ್ನಿನಲ್ಲಿ, ದೇವಶಾಸ್ತ್ರ. 1843ರಲ್ಲಿ 'ಮಂಗಳೂರ ಸಮಾಚಾರ' ಶುರುಮಾಡಿದ, ದಾಸರ ಪದ, ಬಸವಪುರಾಣ, ಜೈಮಿನಿ ಭಾರತಗಳನ್ನು ಕಲ್ಲಚ್ಚಿನಲ್ಲಿ ತಂದ ಮೋಗ್ಲಿಂಗ್ ಓದಿದ್ದೂ ಅದೇ. ಅವರು ಬಂದದ್ದು ಮತಪ್ರಚಾರಕ್ಕೆ, ನಾನು ಮುಚ್ಚಿಡುವುದಿಲ್ಲ. ಆದರೆ ಒಂದು ಶಬ್ದ ಹಿಡಿದು ಅದರ ಬೇರಿನ ತನಕ ಹೋಗುವ ಅಭ್ಯಾಸ ಅವರಿಗೆ ಬಂದದ್ದು ಹೀಬ್ರೂ, ಗ್ರೀಕ್ ಪಠ್ಯಗಳನ್ನು ಓದುವ ಶಿಸ್ತಿನಿಂದ. ನವೆಂಬರ್ ಒಂದಕ್ಕೆ ಕಿಟೆಲ್ ಹೆಸರು ಹೇಳಿ ಚಪ್ಪಾಳೆ ಹೊಡೆಯುವುದು, ನವೆಂಬರ್ ಎರಡಕ್ಕೆ ಅವರ ಓದನ್ನೇ ಅನುಮಾನದಿಂದ ನೋಡುವುದು. ಇದು ಯಾವ ನ್ಯಾಯ ಸ್ವಾಮಿ?

ಅವರು ಬಿಳಿಯರು, ಬಿಡು ಅನ್ನುತ್ತೀರಾ? ಸರಿ, ಉತ್ತಂಗಿ ಚನ್ನಪ್ಪನವರು? ಅಪ್ಪಟ ಉತ್ತರ ಕರ್ನಾಟಕದ ಮನುಷ್ಯ. ಮಂಗಳೂರಿನ ಸೆಮಿನರಿಯಲ್ಲಿ ದೇವಶಾಸ್ತ್ರ ಓದಿ ಪಾದ್ರಿಯಾದವರು. ಊರೂರು ತಿರುಗಿ, ಓಲೆ, ಕೋರಿಕಾಗದ, ಮುದುಕರ ನೆನಪು ಎಲ್ಲ ಜಾಲಾಡಿ ಸರ್ವಜ್ಞನ ವಚನಗಳನ್ನು ಸೇರಿಸಿ 1924ರಲ್ಲಿ ಪುಸ್ತಕ ಮಾಡಿದರು. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಸರ್ವಜ್ಞ ನಮಗೆ ಸಿಕ್ಕಿದ್ದರಲ್ಲಿ ಈ ಪಾದ್ರಿಯ ಪಾಲು ದೊಡ್ಡದು. 1949ರಲ್ಲಿ, ಅಂದರೆ ಪೊಲೀಸ್ ಆ್ಯಕ್ಷನ್ ಆದ ಮರುವರ್ಷ, ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಎಲ್ಲಿ? ನಮ್ಮ ಕಲಬುರಗಿಯಲ್ಲಿ. ಅಧ್ಯಕ್ಷರು ಯಾರು? ರೆವರೆಂಡ್ ಉತ್ತಂಗಿ ಚನ್ನಪ್ಪ. ನಿಜಾಮನ ಕೈಯಿಂದ ಆಗತಾನೆ ಬಿಡಿಸಿಕೊಂಡ ಕನ್ನಡದ ನೆಲ ಒಬ್ಬ ಪಾದ್ರಿಯನ್ನು ಆ ಕುರ್ಚಿಯಲ್ಲಿ ಕೂರಿಸಿತ್ತು. ಆ ನೆಲದವರೇ ಇವತ್ತು ನನ್ನನ್ನು "ಯಾರ ಏಜೆಂಟ್?" ಅಂತ ಕೇಳುತ್ತಿದ್ದಾರೆ.

ಇನ್ನೂ ಹಿಂದೆ ಹೋಗೋಣ. ಸುರಪುರ ಸೀಮೆಯ ಮುದನೂರಿನಲ್ಲಿ ಮಗ್ಗದ ಮುಂದೆ ಕೂತು ದೇವರ ಜೊತೆ ವಾದಕ್ಕಿಳಿದ ದಾಸಿಮಯ್ಯ ಮಾಡಿದ್ದೇನು? ಕೊಡೇಕಲ್ಲ ಬಸವಣ್ಣ, ತಿಂಥಣಿ ಮೌನಪ್ಪಯ್ಯ ಮಾಡಿದ್ದೇನು? ದೇವರು, ಮನುಷ್ಯ, ಕುಲ, ಸಾವು ಇವುಗಳ ಬಗ್ಗೆ ಗಟ್ಟಿಯಾಗಿ ಯೋಚಿಸಿ ಕನ್ನಡದಲ್ಲಿ ಹೇಳಿದರು. ದೇವಶಾಸ್ತ್ರ ಅಂದರೆ ಅದೇ. ನಮ್ಮ ಸೀಮೆಗೆ ಅದು ಹೊಸದಲ್ಲ.

ಸಭೆಯ ಹಿರಿಯರಿಗೆ ಕೊಡುವ ಉತ್ತರ ಸ್ವಲ್ಪ ಖಾರ ಇದೆ, ಕ್ಷಮಿಸಬೇಕು. ನಮ್ಮ ಓಣಿಯ ಒಬ್ಬ ಅವ್ವನಿಗೆ ಸಕ್ಕರೆ ಕಾಯಿಲೆ. ಎಲ್ಲಿಂದಲೋ ಬಂದ ಪ್ರಸಂಗಿಯೊಬ್ಬ ಸ್ವಸ್ಥತೆಯ ಕೂಟ ಮಾಡಿದ, ವಿಶ್ವಾಸ ಇದ್ದರೆ ಗುಳಿಗೆ ಯಾಕೆ ಅಂದ. ಆಕೆ ಬಿಟ್ಟಳು. ಏಳು ತಿಂಗಳಿಗೆ ಕಾಲಿನ ಎರಡು ಬೆರಳು ಹೋದವು. ಆ ಪ್ರಸಂಗಿ ಎತ್ತಿ ಎತ್ತಿ ಓದಿದ್ದು ಮಾರ್ಕನ ಸುವಾರ್ತೆಯ ಕೊನೆಯ ಅಧ್ಯಾಯ: ನಂಬಿದವರು ಹಾವು ಹಿಡಿಯುತ್ತಾರೆ, ವಿಷ ಕುಡಿದರೂ ಏನೂ ಆಗದು, ರೋಗಿಗಳ ಮೇಲೆ ಕೈಯಿಟ್ಟರೆ ವಾಸಿಯಾಗುತ್ತದೆ ಅನ್ನುವ ಭಾಗ. 16ನೇ ಅಧ್ಯಾಯದ 9ರಿಂದ 20ರವರೆಗಿನ ಈ ಸಾಲುಗಳು ಇವತ್ತು ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಪೂರ್ಣ ಹಸ್ತಪ್ರತಿಗಳಲ್ಲಿ, ಅಂದರೆ ನಾಲ್ಕನೇ ಶತಮಾನದ ಸಿನಾಯಿಟಿಕಸ್ ಮತ್ತು ವ್ಯಾಟಿಕನಸ್ ಪ್ರತಿಗಳಲ್ಲಿ, ಇಲ್ಲವೇ ಇಲ್ಲ. ಆಮೇಲೆ ಯಾರೋ ಸೇರಿಸಿದ್ದು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಬಿ.ಡಿ. ಓದುವ ಹುಡುಗನಿಗೆ ಇದು ಗುಟ್ಟಲ್ಲ, ಪಾಠ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎರಡು ವರ್ಷನ್ ಪಕ್ಕಪಕ್ಕ ಇಟ್ಟು ಡಿಫ್ ನೋಡುವುದು, ಅಷ್ಟೆ.

ಓದಿದವನು ವಿಶ್ವಾಸ ಕಳಕೊಳ್ಳುತ್ತಾನೆ ಅನ್ನುತ್ತೀರಿ. ಓದದವನ ಕೈಗೆ ಮೈಕು ಕೊಟ್ಟು ಆ ಅವ್ವ ಕಳಕೊಂಡಿದ್ದೇನು ಅಂತ ನೋಡಿದಿರಲ್ಲ. ಯಾದಗಿರಿಗೆ ಬಂದ ಮೆಥೊಡಿಸ್ಟ್ ಮಿಷನ್ನಿನವರು ಪ್ರಾರ್ಥನೆಯನ್ನೂ ಮಾಡಿದರು, ಹೋಲ್ಸ್ಟನ್ ಆಸ್ಪತ್ರೆಯನ್ನೂ ಕಟ್ಟಿದರು. ಅವರಿಗೆ ಎರಡೂ ಒಟ್ಟಿಗೆ ಹೊಂದಿತ್ತು.

ಮತಾಂತರ ಮತಾಂತರ ಅಂತ ಕೂಗುವವರಿಗೂ ಇದೇ ಮಾತು. ಆರು ವಾರದ ಕೋರ್ಸ್ ಮಾಡಿ ಸ್ಪೀಕರ್ ಕಟ್ಟಿಕೊಂಡು ಬರುವವನ ಬಗ್ಗೆ ನಿಮಗೆ ಸಿಟ್ಟಲ್ಲವೇ? ಅವನನ್ನು ಸತ್ಯವೇದ ತೆರೆದಿಟ್ಟುಕೊಂಡೇ ಪ್ರಶ್ನಿಸಬಲ್ಲವನು ಬೇರೆ ಧರ್ಮಗಳನ್ನೂ ಪರೀಕ್ಷೆ ಬರೆದು ಓದಿದ ಬಿ.ಡಿ.ಯವನು. ನೀವು ಅವನ ಪರ ನಿಲ್ಲಬೇಕಿತ್ತು.

ಇನ್ನು ಯಾರೂ ಜೋರಾಗಿ ಮಾತಾಡದ ಒಂದು ವಿಷಯ ಇದೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ ಧರ್ಮ ಬಿಟ್ಟವರು ಪರಿಶಿಷ್ಟ ಜಾತಿಯವರಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಒಳಗೆ ತಂದರು. ಕ್ರೈಸ್ತರೂ ಮುಸ್ಲಿಮರೂ ಹೊರಗೇ ಉಳಿದರು. 2022ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ಮಾಡಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಕ್ರೈಸ್ತಳಾಗಿದ್ದುಕೊಂಡು ಮೀಸಲಾತಿಗಾಗಿ ಮಾತ್ರ ಹಿಂದೂ ಅನ್ನುವುದು ಸಂವಿಧಾನಕ್ಕೆ ಮಾಡುವ ಮೋಸ ಅಂತ ತೀರ್ಪು ಕೊಟ್ಟಿತು. ಕೋರ್ಟು ಕಾಗದ ನೋಡುತ್ತದೆ. ಹೋಟೆಲ್ಲಿನಲ್ಲಿ ಲೋಟ ಬೇರೆ ಇಡುವವನು ಕಾಗದ ನೋಡಿ ಇಡುವುದಿಲ್ಲ, ಕೇರಿ ನೋಡಿ ಇಡುತ್ತಾನೆ.

ಸೆಮಿನರಿಗೆ ಅರ್ಜಿ ಹಾಕಲು ಸಭೆಯ ಶಿಫಾರಸು ಬೇಕು. ಅಂದರೆ ನಾನು ಕ್ರೈಸ್ತ ಅಂತ ಬರಹದಲ್ಲಿ. ನನಗೆ ಆ ಚಿಂತೆ ಇಲ್ಲ, ನಮ್ಮಪ್ಪ ಶಾಲೆಯ ದಾಖಲೆಯಲ್ಲೇ ಕ್ರೈಸ್ತ ಅಂತ ಬರೆಸಿ ಅದರ ನಷ್ಟವನ್ನೆಲ್ಲ ನನ್ನ ಇಂಜಿನಿಯರಿಂಗ್ ಫೀಸಿನಲ್ಲಿ ಕಟ್ಟಿ ಮುಗಿಸಿದ. ಆದರೆ ಕೇರಿಯಲ್ಲಿ ನನಗಿಂತ ಚುರುಕಾದ ಹುಡುಗರು, ಹುಡುಗಿಯರು ಇದ್ದಾರೆ. ಅವರು ಈ ಓದನ್ನು ಆರಿಸಿದರೆ ಮನೆಯ ಸರ್ಟಿಫಿಕೇಟಿಗೇ ಕುತ್ತು. ವ್ಯಂಗ್ಯ ಏನು ಗೊತ್ತೇ? ಈ ಸಂಕಟವನ್ನೇ ಪ್ರಶ್ನೆಯಾಗಿಟ್ಟುಕೊಂಡ ದಲಿತ ದೇವಶಾಸ್ತ್ರ ಹುಟ್ಟಿದ್ದು ಬೆಂಗಳೂರಿನಲ್ಲೇ, 1981ರಲ್ಲಿ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ. ಇಂಗ್ಲಿಷಿನಲ್ಲಿ. ಆ ಭಾಷಣ ಯಾರ ಬಗ್ಗೆಯೋ ಅವರ ಓಣಿಗೆ ಅದು ಇನ್ನೂ ಬಂದಿಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ಗುಳೆ ಹೋಗಿ ಅದೇ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡಿ ವಾಪಸ್ ಬರುತ್ತಾರೆ, ಆ ಕಾಲೇಜಿನ ಗೇಟಿನ ಮುಂದೆ ಹಾದೂ ಇರಬಹುದು.

ಅದಕ್ಕೇ ನನ್ನ ಜಗಳ ಬರೀ ಸೆಮಿನರಿಯ ಜೊತೆಗಲ್ಲ, ಸರ್ಕಾರದ ಯೂನಿವರ್ಸಿಟಿಗಳ ಜೊತೆಗೂ. ಮೈಸೂರಿನಲ್ಲಿ ಕ್ರೈಸ್ತ ಅಧ್ಯಯನಕ್ಕೆ ವಿಭಾಗವಿದೆ, ಮಂಗಳೂರಿನಲ್ಲಿ ಪೀಠವಿದೆ. ಅಲ್ಲಿ ಓದುವುದಕ್ಕೆ ಯಾವ ಪಾದ್ರಿಯ ಪತ್ರವೂ ಬೇಡ, ದೀಕ್ಷಾಸ್ನಾನದ ಚೀಟಿಯೂ ಬೇಡ. ಹಿಂದೂ, ಮುಸ್ಲಿಂ, ನಾಸ್ತಿಕ ಯಾರು ಬೇಕಾದರೂ ಓದಬಹುದು. ಎರಡೂ ರಾಜ್ಯದ ಆ ತುದಿಗೆ. ಕಲಬುರಗಿಯಲ್ಲೋ ರಾಯಚೂರಿನಲ್ಲೋ ದಾಸಿಮಯ್ಯ, ಮೌನಪ್ಪಯ್ಯ, ಬಂದೇನವಾಜ್, ಸತ್ಯವೇದ ಎಲ್ಲವನ್ನೂ ಒಂದೇ ಕಟ್ಟಡದಲ್ಲಿ, ಕನ್ನಡದಲ್ಲಿ ಓದಿಸುವ ಎಂ.ಎ. ಕೊಡಿ. ಇದೇನು ಅಷ್ಟು ದೊಡ್ಡ ಬೇಡಿಕೆಯೇ?

"ಮೊದಲ ಎಸ್ಸೆಸ್ಸೆಲ್ಸಿ ಪಾಸ್ ಮಾಡ್ಸು ಜಿಲ್ಲಾದಾಗ, ಆಮ್ಯಾಲ ಗ್ರೀಕು" ಅಂತ ಮಾವ ಮತ್ತೆ ಶುರು ಮಾಡಿದ. ಮಾತು ಸುಳ್ಳಲ್ಲ. 2024ರಲ್ಲಿ ಯಾದಗಿರಿ ಜಿಲ್ಲೆಯ ಫಲಿತಾಂಶ ಶೇ. 50.59, ಇಡೀ ರಾಜ್ಯಕ್ಕೆ ಕೊನೆ. ಆದರೆ ನಾನು ಬೆಂಗಳೂರಿನಲ್ಲಿ ಯಾವುದೋ ದೇಶದ ಬ್ಯಾಂಕಿನ ಸಾಫ್ಟ್‌ವೇರಿಗೆ ಪ್ಯಾಚ್ ಹಾಕುತ್ತಾ ಕೂತಾಗ ಈ ಪ್ರಶ್ನೆ ಯಾರೂ ಕೇಳಲಿಲ್ಲವಲ್ಲ? ಸಂಬಳದ ಸ್ಲಿಪ್ಪು ತೋರಿಸಿದರೆ ಊರಿನ ಋಣ ಮಾಫಿ, ಪುಸ್ತಕ ಹಿಡಿದರೆ ಮಾತ್ರ ಜಿಲ್ಲೆಯ ಲೆಕ್ಕ ಬರುತ್ತದೆ. ಬಿ.ಡಿ. ಮುಗಿಸಿದವನು ಯಾದಗಿರಿಗೆ ವಾಪಸ್ ಬರುವ ಸಾಧ್ಯತೆಯಾದರೂ ಇದೆ ಮಾವಾ. ಬ್ಯಾಂಕಿನ ಸಾಫ್ಟ್‌ವೇರಿನವನು ಬರುವುದು ಜಾತ್ರೆಗೆ ಮತ್ತು ಕ್ರಿಸ್ಮಸ್ಸಿಗೆ.

ಅರ್ಜಿ ತುಂಬಿ ಆಗಿದೆ. ಸಭೆಯ ಶಿಫಾರಸು ಪತ್ರ ಒಂದು ಬಾಕಿ. ಅದಕ್ಕೆ ಸಹಿ ಹಾಕಬೇಕಾದವರಲ್ಲಿ ಮೇಲೆ ಹೇಳಿದ ಹಿರಿಯರೂ ಒಬ್ಬರು. ಬರುವ ರವಿವಾರ ಅವರ ಮನೆಗೆ ಹೋಗುತ್ತೇನೆ, ಮಾರ್ಕನ 16ನೇ ಅಧ್ಯಾಯ ಹಿಡಕೊಂಡೇ.