ಇಂಜಿನ್ ಬಿಚ್ಚೋಕಿಂತ ಮುಂಚೆ ಟ್ಯಾಂಕಿನ ಮುಚ್ಚಳ ಬಿಚ್ಚಿ ನೋಡ್ರಿ

ಇವತ್ತಿನ ಬರಹ ಸ್ವಲ್ಪ ಉದ್ದ ಐತಿ, ಸ್ವಲ್ಪ ಖಾರಾನೂ ಐತಿ. ಸಿಟ್ಟು ಬಂದ್ರೆ ಬರಲಿ, ಆದ್ರೆ ಪೂರ್ತಿ ಓದ್ರಿ.

ಮೊನ್ನೆ ನಮ್ಮ ಓಣಿ ಹುಡುಗ ಒಬ್ಬ ಬಂದು ಕಟ್ಟಿ ಮ್ಯಾಲ ಕುಂತ. ಮುಖ ಸಪ್ಪಗಿತ್ತು.

"ಕಾಕಾ, ಟ್ರ್ಯಾಕ್ಟರ್ ಎಳೀವಲ್ದು. ರೋಟರ್ ಇಳಿಸಿದ್ರ ಕರೀ ಹೊಗಿ ಉಗುಳಿ ಸತ್ತಂಗ ಆಗ್ತೈತಿ. ಮಿಸ್ತ್ರಿ ಇಂಜಿನ್ ಹೋಗೇತಿ ಅಂದ. ಬೋರು, ಪಿಸ್ಟನ್, ರಿಂಗು ಎಲ್ಲಾ ಸೇರಿ 80 ಸಾವಿರ ಹೇಳ್ಯಾನ. ದಲಾಲಿ ಅಂಗಡ್ಯಾಗ ರೊಕ್ಕ ಕೇಳೀನಿ."

ದಲಾಲಿ ಅಂಗಡಿ ರೊಕ್ಕ ಅಂದ್ರೆ ಏನಂತ ನಿಮಗೆ ಗೊತ್ತೇ ಐತಿ. ಬೀಜ ಮಣ್ಣಿಗೆ ಬೀಳೋ ಮೊದಲೇ ಗೋವಿನಜೋಳ ಅವರ ಕಾಟಾ ಮ್ಯಾಲ ಬಿದ್ದಂಗ.

"ಮಿಸ್ತ್ರಿ ಏನೇನು ಬಿಚ್ಚಿ ನೋಡಿದ?" ಅಂತ ಕೇಳಿದೆ.

"ಏನೂ ಬಿಚ್ಚಿಲ್ಲ ಕಾಕಾ. ಸ್ಟಾರ್ಟ್ ಮಾಡಿಸಿದ, ಹೊಗಿ ನೋಡಿದ, ಹಳೇ ಗಾಡಿ, ವಯಸ್ಸಾತು ಅಂದ."

ಈ 'ವಯಸ್ಸಾತು' ಅನ್ನೋ ಮಾತಿನ ಮ್ಯಾಲೇ ನನ್ನ ಜಗಳ. ವಯಸ್ಸು ಅನ್ನೋದು ರೋಗದ ಹೆಸರಲ್ಲ. ಡೀಸೆಲ್ ಇಂಜಿನಿಗೆ ನಾಲ್ಕೇ ನಾಲ್ಕು ಬೇಕು: ಸಾಕಷ್ಟು ಗಾಳಿ, ಸಾಕಷ್ಟು ಡೀಸೆಲ್, ಆ ಡೀಸೆಲ್ ಸರಿಯಾದ ಹೊತ್ತಿಗೆ ಹನಿಹನಿಯಾಗಿ ಬೀಳೋದು, ಒಳಗೆ ಒತ್ತಡ. ಶಕ್ತಿ ಕಡಿಮೆ ಆಗೇತಿ ಅಂದ್ರೆ ಈ ನಾಲ್ಕರಲ್ಲಿ ಒಂದು ಕೆಟ್ಟಿರಬೇಕು. ಯಾವುದು ಅಂತ ತೋರಿಸದೇ ಇಂಜಿನ್ ಬಿಚ್ಚೋದು, ನಾಡಿ ಹಿಡಿಯದೇ ಹೊಟ್ಟೆ ಕೊಯ್ದಂಗ.

ಇದನ್ನ ನಾನು ಪುಸ್ತಕ ಓದಿ ಹೇಳ್ತಿಲ್ಲ. ಪೆಟ್ಟು ತಿಂದು ಹೇಳ್ತಿದ್ದೀನಿ.

ನಂದು 1999ರ ಮಾಡೆಲ್, ಮೂರು ಸಿಲಿಂಡರಿನ 35 ಎಚ್‌ಪಿ ಗಾಡಿ. 2015ರ ಮುಂಗಾರಿನಾಗ ಎರಿ ಹೊಲದಾಗ ಕಲ್ಟಿವೇಟರ್ ಹೊಡೀವಾಗ ಇಪ್ಪತ್ತು ನಿಮಿಷ ಚೆನ್ನಾಗಿ ಎಳೀತಿತ್ತು, ಆಮೇಲೆ ಉಸಿರು ಕಟ್ಟಿದಂಗ ಆಗಿ ನಿಂತೇ ಬಿಡ್ತಿತ್ತು. ಅರ್ಧ ತಾಸು ಬಿಟ್ರೆ ಮತ್ತೆ ಎಳೀತಿತ್ತು. ಹೊಗೆ ಏನೂ ಇಲ್ಲ. ಮಿಸ್ತ್ರಿ ಶೆಡ್ಡಿನಾಗ ಐದು ನಿಮಿಷ ಓಡಿಸಿ, "ಇಂಜಿನ್ ಕಾದ ಮ್ಯಾಲ ಕೈ ಕೊಡ್ತೈತಿ ಯಜಮಾನ್ರ, ಬೋರು ಹೋಗೇತಿ" ಅಂದ. ಹದ ಹೋಗ್ತೈತಿ ಅನ್ನೋ ಅವಸರ ನಂಗ. ಮನಿಯಾಕಿ ಬೋರಮಳ ಸರ ಅಡ ಇಟ್ಟು 72 ಸಾವಿರ ಕೊಟ್ಟೆ. ಗಾಡಿ ಬರೋಕೆ ಹನ್ನೊಂದು ದಿನ. ಹೊಲಕ್ಕೆ ಇಳಿಸಿದೆ. ಇಪ್ಪತ್ತು ನಿಮಿಷಕ್ಕೆ ಅದೇ ರೋಗ.

ಸಿಟ್ಟಿನಾಗ ಡೀಸೆಲ್ ಎಷ್ಟೈತಿ ನೋಡೋಣ ಅಂತ ಟ್ಯಾಂಕಿನ ಮುಚ್ಚಳ ತಿರುವಿದೆ. 'ಸುಯ್ಯ್' ಅಂತ ಗಾಳಿ ಒಳಗೆ ಎಳ್ಕೊಂಡ ಸಪ್ಪಳ. ಸ್ಟಾರ್ಟ್ ಮಾಡಿದ್ರೆ ಹುಲಿ ಹಂಗ ಎಳೀತು. ಆಗ ನೆನಪಾತು, ಮಳಿ ನೀರು ಹೋಗಬಾರದು ಅಂತ ಗೊಬ್ಬರ ಚೀಲದ ಪಾಲಿಥಿನ್ ಹಾಳೆ ಕತ್ತರಿಸಿ ಮುಚ್ಚಳದ ಕೆಳಗೆ ಇಟ್ಟು ಬಿಗಿ ಮಾಡಿದ್ದು ನಾನೇ! ಮುಚ್ಚಳದಾಗ ಒಂದು ಸಣ್ಣ ತೂತು ಇರ್ತದೆ. ಡೀಸೆಲ್ ಖರ್ಚಾದಂಗ ಆ ತೂತಿನಿಂದ ಟ್ಯಾಂಕಿಗೆ ಗಾಳಿ ಹೋಗಬೇಕು. ಹೋಗದಿದ್ರೆ ಪಂಪಿಗೆ ಡೀಸೆಲ್ ಬರೋದಿಲ್ಲ. ಒಂದು ಹಾಳೆ ತೆಗೆಯೋ ಕೆಲಸಕ್ಕೆ 72 ಸಾವಿರ ಕೊಟ್ಟವ ನಾನು. ಸರ ಬಿಡಿಸಿಕೊಳ್ಳೋಕೆ ಎರಡು ಸುಗ್ಗಿ ಬೇಕಾತು.

ಹಂಗಾಗಿ ಮಿಸ್ತ್ರಿನ್ನ ಒಬ್ಬನ್ನೇ ಬೈಯೋಕೆ ನಾನು ಕುಂತಿಲ್ಲ. ಅರ್ಧ ತಪ್ಪು ನಮ್ಮದು. ದನದ ಮೈ ದಿನಾ ತಿಕ್ತೀವಿ, ಟ್ರ್ಯಾಕ್ಟರಿನ ಬಾನೆಟ್ ವರ್ಷಕ್ಕೊಮ್ಮೆ ಪೂಜೆಗೆ ಎತ್ತತೀವಿ.

ಮೊದಲು ಗಾಳಿ ವಿಷಯ. ಒಂದು ಲೀಟರ್ ಡೀಸೆಲ್ ಸರಿಯಾಗಿ ಉರೀಬೇಕಂದ್ರೆ ಹತ್ತು ಸಾವಿರ ಲೀಟರಿಗೂ ಹೆಚ್ಚು ಗಾಳಿ ಬೇಕು. ಅಷ್ಟೂ ಗಾಳಿ ಏರ್ ಕ್ಲೀನರ್ ದಾಟೇ ಹೋಗಬೇಕು. ನಮ್ಮ ಹಳೇ ಗಾಡಿಗಳಲ್ಲಿ ಕೆಳಗೊಂದು ಎಣ್ಣೆ ಬಟ್ಟಲು, ಮೇಲೆ ಜಾಳಿಗೆ ಇರ್ತದೆ. ಧೂಳು ಎಣ್ಣೆಗೆ ಅಂಟಿ ಬಟ್ಟಲಿನಾಗ ಕೆಸರಾಗಿ ಕೂರ್ತದೆ. ಕೆಸರು ತುಂಬಿದ್ರೆ ಗಾಳಿ ದಾರಿ ಕಟ್ಟಿ ಕರೀ ಹೊಗೆ ಬರ್ತದೆ. ರೋಟರ್, ರಾಶಿ ಕೆಲಸ ಇದ್ದಾಗ ದಿನಾ ನೋಡ್ರಿ. ಎಣ್ಣೆ ಕೆಸರಾಗಿದ್ರೆ ಚೆಲ್ಲಿ, ಬಟ್ಟಲು, ಜಾಳಿಗೆ ಡೀಸೆಲಿನಾಗ ತೊಳೆದು, ಗೆರೆ ಇದ್ದಷ್ಟೇ ಹೊಸ ಎಣ್ಣೆ ಹಾಕ್ರಿ. ಕಡಿಮೆ ಹಾಕಿದ್ರೆ ಧೂಳು ಒಳಗೆ, ಹೆಚ್ಚು ಹಾಕಿದ್ರೆ ಎಣ್ಣೆ ಒಳಗೆ. ಕ್ಲೀನರಿನಿಂದ ಇಂಜಿನಿಗೆ ಹೋಗೋ ರಬ್ಬರ್ ಪೈಪು ಸೀಳಿದೆಯಾ, ಕ್ಲಿಪ್ಪು ಸಡಿಲ ಐತಾ ಅಂತಾನೂ ನೋಡ್ರಿ. ಪೈಪಿನ ಒಳಗೆ ಬೆರಳಾಡಿಸಿದಾಗ ಧೂಳು ಹತ್ತಿದ್ರೆ ಬೋರು ಸವೀತಾ ಐತಿ ಅಂತ ತಿಳ್ಕೊಳ್ರಿ.

"ಕರೀ ಹೊಗೆ ಬಿಟ್ರೆ ಗಾಡಿ ಜೋರೈತಿ" ಅಂತ ಮೀಸೆ ತಿರುವೋರಿಗೆ ಒಂದು ಮಾತು. ಆ ಹೊಗೆ ಉರಿಯದೇ ಹೋದ ನಿಮ್ಮ ಡೀಸೆಲ್.

ಎರಡನೇದು ಡೀಸೆಲ್. ಹೊಗೆ ಇಲ್ಲದೇ ಶಕ್ತಿ ಹೋದ್ರೆ ಹೆಚ್ಚಿನ ಪಾಲು ಡೀಸೆಲ್ ಸಾಲದೇ ಬಂದ ತೊಂದರೆ. ಶಕ್ತಿ ಬಿದ್ದ ಕೂಡಲೇ ಟ್ಯಾಂಕಿನ ಮುಚ್ಚಳ ಸಡಿಲ ಮಾಡಿ ನೋಡ್ರಿ. ಆಮೇಲೆ ಟ್ಯಾಂಕಿನ ತಳದ ನೀರು, ಕಸ ಇಳಿಸ್ರಿ. ಫೀಡ್ ಪಂಪಿನ ಜಾಲರಿ ತೊಳೀರಿ. ಪೇಪರ್ ಫಿಲ್ಟರ್ ತೊಳೆದು ಮತ್ತೆ ಹಾಕೋ ಜಿಪುಣತನ ಬಿಡ್ರಿ, ಅದು ತೊಳೆಯೋ ಸಾಮಾನಲ್ಲ, ಬದಲಿಸೋ ಸಾಮಾನು. ಹೊಸದು ಹಾಕಿದ ಮೇಲೆ ಏರ್ ತೆಗೆಯೋ ಸ್ಕ್ರೂ ಸಡಿಲ ಮಾಡಿ, ಗುಳ್ಳೆ ನಿಲ್ಲೋ ತನಕ ಕೈಪಂಪ್ ಹೊಡೀರಿ.

ಮೂರನೇದು, ಇಂಜಿನಿಗೆ ಸಂಬಂಧವೇ ಇಲ್ಲದ ತಪ್ಪುಗಳು. ಇಂಜಿನ್ ಸಪ್ಪಳ ಏರಿ ಗಾಡಿ ಮುಂದೆ ಹೋಗ್ತಿಲ್ಲ ಅಂದ್ರೆ ಕ್ಲಚ್ ಜಾರ್ತಾ ಐತಿ. ಬ್ರೇಕ್ ತುಳಿಯದೇ ಓಡಿಸಿದ್ರೂ ಒಂದು ಕಡೆ ಬ್ರೇಕಿನ ಹತ್ತಿರ ಸುಡೋವಷ್ಟು ಕಾದಿದ್ರೆ ಬ್ರೇಕ್ ಹಿಡ್ಕೊಂಡೈತಿ. ರೇಸ್ ಲಿವರ್ ಪೂರ್ತಿ ಎಳೆದಾಗ ಪಂಪಿನ ಲಿವರ್ ಕೊನೇ ಸ್ಕ್ರೂಗೆ ಮುಟ್ಟದಿದ್ರೆ ನಡುವಿನ ಕಡ್ಡಿ ಸವೆದೈತಿ. ಇಂಥದ್ದಕ್ಕೆಲ್ಲ ಪಿಸ್ಟನ್ ಹಾಕಿದ್ರೆ ಏನು ಬಂತು?

ನಾಲ್ಕನೇದು ನೋಝಲ್, ಟ್ಯಾಪೆಟ್. ಇದಕ್ಕೆ ಬಲ್ಲವರೇ ಬೇಕು. ಇಂಜಿನ್ ನಿಧಾನಕ್ಕೆ ಓಡುವಾಗ ಮಿಸ್ತ್ರಿ ಒಂದೊಂದೇ ನೋಝಲ್ ಪೈಪಿನ ನಟ್ ಸಡಿಲ ಮಾಡ್ತಾನ. ಯಾವುದನ್ನ ಸಡಿಲ ಮಾಡಿದಾಗ ಸಪ್ಪಳ ಬದಲಾಗಲ್ವೋ ಆ ಸಿಲಿಂಡರ್ ಕೆಲಸ ಮಾಡ್ತಿಲ್ಲ. ನೀವು ಕೈ ಹತ್ತಿರ ಒಯ್ಯಬ್ಯಾಡ್ರಿ, ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗ್ತದೆ. ನೋಝಲ್ ಬಿಚ್ಚಿ ಟೆಸ್ಟಿಂಗ್ ಮಾಡಿಸೋ ಖರ್ಚು ಇಂಜಿನ್ ಖರ್ಚಿನ ಮುಂದೆ ಏನೂ ಅಲ್ಲ.

ಇನ್ನೊಂದು ಕೆಟ್ಟ ಚಾಳಿ, ಪಂಪಿನ ಸೀಲ್ ಒಡೆದು ಡೀಸೆಲ್ ಹೆಚ್ಚು ಬಿಡಿಸೋದು. ಎರಡು ದಿನ ಜೋರು ಅನ್ನಿಸ್ತದೆ. ಗಾಳಿ ಅಷ್ಟೇ ಇದ್ದು ಡೀಸೆಲ್ ಹೆಚ್ಚಾದ್ರೆ ಹೊಗೆ, ಕಾವು ಎರಡೂ ಏರ್ತವೆ. ಉರಿಯದ ಡೀಸೆಲ್ ಬೋರಿನ ಎಣ್ಣೆ ತೊಳೆದು ಕೆಳಗಿಳಿದು ಇಂಜಿನ್ ಆಯಿಲ್ ತೆಳ್ಳಗೆ ಮಾಡ್ತದೆ. ಆಗ ನಿಜಕ್ಕೂ ಇಂಜಿನ್ ಬಿಚ್ಚೋ ಕಾಲ ಬರ್ತದೆ.

ಹಂಗಾರೆ ಇಂಜಿನ್ ಎಂದೂ ಬಿಚ್ಚಲೇಬಾರದಾ? ಹಂಗಲ್ಲ. ರಿಂಗು, ಬೋರು ಸವೆಯೋದು ಖರೆ. ಕಾದ ಮೇಲೂ ನೀಲಿ ಹೊಗೆ ನಿಲ್ಲದಿದ್ರೆ, ಸೋರಿಕೆ ಇಲ್ಲದೇ ಆಯಿಲ್ ಇಳೀತಾ ಇದ್ರೆ, ಆಯಿಲ್ ಹಾಕೋ ಬಾಯಿಂದ ಹೊಗೆ ಪುಸುಪುಸು ಅಂತ ಜೋರಾಗಿ ಬಂದ್ರೆ, ಗೇಜ್ ಹಾಕಿ ನೋಡಿದಾಗ ಒತ್ತಡ ಕಡಿಮೆ ಇದ್ರೆ, ಆಗ ಬಿಚ್ಚಿಸ್ರಿ. ಗೇಜ್ ಹಾಕಿ ತೋರಿಸೋ ಮಿಸ್ತ್ರಿಗೆ ಕೇಳಿದಷ್ಟು ಕೂಲಿ ಕೊಡ್ರಿ, ಚಹಾನೂ ಕುಡಿಸ್ರಿ. ಅಂಥವರು ನಮ್ಮ ಸೀಮ್ಯಾಗೂ ಅದಾರ. ನನ್ನ ತಕರಾರು ಕಿವಿಯಿಂದಲೇ ತೀರ್ಪು ಕೊಡೋರ ಮ್ಯಾಲ, ಕೇಳದೇ ತಲೆ ಅಲ್ಲಾಡಿಸೋ ನಮ್ಮ ಮ್ಯಾಲ. ಎಲ್ಲರೂ ಬಿತ್ತಿಗೆ ಟೈಮಿನಾಗೇ ಸಿಕ್ಕಿಬೀಳೋದು ಯಾಕಂದ್ರೆ, ಬ್ಯಾಸಿಗ್ಯಾಗ ಗಾಡಿ ಮರದ ಕೆಳಗೆ ಸುಮ್ನೆ ನಿಂತಾಗ ನಾವು ಅದರ ಕಡೆ ತಿರುಗಿ ನೋಡಿರಲ್ಲ.

ಆ ಹುಡುಗನ ಗಾಡಿ ಏನಾತು ಅಂದ್ರಾ? ಇಬ್ಬರೂ ಕೂಡಿ ಏರ್ ಕ್ಲೀನರ್ ಬಟ್ಟಲು ಇಳಿಸಿದ್ವಿ. ಎಣ್ಣೆ ಇರಲಿಲ್ಲ, ಶೇಂಗಾ ಹಿಂಡಿ ಹಂಗ ಗಟ್ಟಿ ಕೆಸರು. ಚಾಕುವಿನಿಂದ ಕೆರೆದು ತೆಗೆದ್ವಿ. ಮೇಲಿನ ಜಾಳಿಗೆ ತುಂಬಾ ಹೊಟ್ಟು. ಆಯಿಲ್, ಒಂದು ರಬ್ಬರ್ ಪೈಪು, ಎರಡು ಕ್ಲಿಪ್ಪು ಸೇರಿ 640 ರೂಪಾಯಿ. ಮರುದಿನ ರೋಟರ್ ಇಳಿಸಿದ, ಕರೀ ಹೊಗೆ ಹೋಗಿತ್ತು. ಅವನ ಇಂಜಿನ್ ಹೊಸದರಂಗ ಐತಿ ಅಂತ ನಾನು ಹೇಳಲ್ಲ. ಹರಿದ ಪೈಪಿನಿಂದ ಧೂಳು ತಿಂದೈತಿ, ಬೋರು ಒಂದಿಷ್ಟು ಸವೆದೇ ಇರ್ತದೆ. ಆಯಿಲ್ ಎಷ್ಟು ಇಳೀತು ಅಂತ ವಾರಕ್ಕೊಮ್ಮೆ ಬರೆದಿಡು ಅಂದೀನಿ. ಆದ್ರೆ ಈ ಮುಂಗಾರಿಗೆ ಅವನ ಗೋವಿನಜೋಳ ಅವನದೇ, ದಲಾಲಿದಲ್ಲ.

ಬಿತ್ತಿಗೆಗೆ ಇನ್ನೂ ದಿನ ಐತಿ. ನಾಳೆ ಮುಂಜಾನೆ ಇಂಜಿನ್ ತಣ್ಣಗಿದ್ದಾಗ ಬಟ್ಟಲು ಇಳಿಸ್ರಿ. ಏನು ಸಿಕ್ತು ಅಂತ ಇಲ್ಲಿ ಬರೀರಿ, ನಾಚ್ಕೋಬ್ಯಾಡ್ರಿ. ನಂದು ಪಾಲಿಥಿನ್ ಹಾಳೆ ಅಂತ ನಾನೇ ಮೊದಲು ಬರ್ದೀನಲ್ಲ.